ಇಂಗ್ಲಿಷ್ ತರಗತಿಯ ಮೌನ ಮತ್ತು ಡಿಜಿಟಲ್ ಆಟಗಳು: ಕೆಲವು ವಿಚಾರಗಳು

ಕನ್ನಡ ವಿಭಾಗವೊಂದರ ಸಂಶೋಧನ ಪತ್ರಿಕೆಯಲ್ಲಿ ಇಂಗ್ಲಿಷ್ ತರಗತಿಯನ್ನು ಕುರಿತು ಬರೆಯುವ ಅಗತ್ಯವೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ಪದವಿ ಕಾಲೇಜುಗಳಲ್ಲಿ ಒಂದೇ ಕೊಠಡಿಯಲ್ಲಿ ಕುಳಿತ ಅವೇ ವಿದ್ಯಾರ್ಥಿಗಳಿಗೆ ಒಂದು ಅವಧಿ ಕನ್ನಡ ಅಧ್ಯಾಪಕರು, ಮರು ಅವಧಿ ಇಂಗ್ಲಿಷ್ ಅಧ್ಯಾಪಕರು ಪಾಠ ಹೇಳುತ್ತಾರೆ. ಮೊದಲ ಅವಧಿಯಲ್ಲಿ ಕುಮಾರವ್ಯಾಸನ ಕರ್ಣನ ಪಕ್ಷ ವಹಿಸಿ ವಾದಕ್ಕಿಳಿದ ಹುಡುಗ, ಗಂಟೆ ಹೊಡೆದು ಹತ್ತು ನಿಮಿಷವಾಗುವಷ್ಟರಲ್ಲಿ ಅದೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಅಧ್ಯಾಪಕರ ಕಣ್ಣು ತನ್ನ ಕಡೆ ಹೊರಳದಿರಲಿ ಎಂಬುದಷ್ಟೇ ಆಗ ಅವನ ಪ್ರಾರ್ಥನೆ. ಈ ಮೌನವನ್ನು ಇಂಗ್ಲಿಷ್ ವಿಭಾಗದವರ ತೊಂದರೆಯೆಂದು ನಾವು ಬಹುಕಾಲ ಬದಿಗಿರಿಸಿದ್ದೇವೆ. ಆದರೆ ಹಾಗೆ ಬಾಯಿ ಕಟ್ಟಿ ಕೂರುವವನು ಕನ್ನಡದಲ್ಲಿ ಆಲೋಚಿಸುವ ವಿದ್ಯಾರ್ಥಿ. ತನ್ನ ಭಾಷೆಯೇ ತನ್ನನ್ನು ಹಿಂದೆ ಎಳೆಯುತ್ತಿದೆ ಎಂಬ ನಂಬಿಕೆ ಅವನಲ್ಲಿ ಬೇರೂರುವುದು ಆ ಒಂದು ಗಂಟೆಯಲ್ಲಿಯೇ. ಆದಕಾರಣ ಆ ಗಂಟೆಯಲ್ಲಿ ಏನಾಗುತ್ತದೆ ಎಂಬುದು ಕನ್ನಡ ಅಧ್ಯಾಪಕರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಮೌನಕ್ಕೆ ಕಾರಣ ಇಂಗ್ಲಿಷಿನ ಪರಿಚಯವಿಲ್ಲದಿರುವುದು ಎಂಬ ವಿವರಣೆ ಇಂದು ನಿಲ್ಲುವುದಿಲ್ಲ. ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ 1ನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭವಾಯಿತು. ಆ ವರ್ಷ ಶಾಲೆಗೆ ಸೇರಿದ ಮಕ್ಕಳು 2019ರ ಹೊತ್ತಿಗೆ ಪದವಿ ತರಗತಿಗೆ ಬಂದರು. ಅಂದರೆ ಹನ್ನೆರಡು ವರ್ಷ ಇಂಗ್ಲಿಷ್ ಓದಿ, ಪರೀಕ್ಷೆ ಬರೆದು, ಉತ್ತೀರ್ಣರಾಗಿ ಬಂದವರು ಇವರು. ಇವರ ಮುಂದೆ ಅಧ್ಯಾಪಕರು ಒಂದು ಸರಳವಾದ ಪ್ರಶ್ನೆ ಕೇಳಿದರೂ ಉತ್ತರ ಬರುವುದಿಲ್ಲ. ಬಂದರೆ ಮುಂದಿನ ಸಾಲಿನ ಅದೇ ಮೂರು ನಾಲ್ಕು ಮಂದಿಯಿಂದ ಬರುತ್ತದೆ. ಪದ ಗೊತ್ತಿಲ್ಲದಿರುವುದಕ್ಕಿಂತ ಹೆಚ್ಚಾಗಿ, ಗೊತ್ತಿರುವ ಪದವನ್ನು ನಾಲ್ಕು ಜನರ ಮುಂದೆ ಉಚ್ಚರಿಸಲಾಗದಿರುವುದು ಇಲ್ಲಿರುವ ಕಷ್ಟ. ತಪ್ಪಿದರೆ ಹಿಂದಿನ ಬೆಂಚಿನಿಂದ ಬರುವ ನಗೆ, ಆ ನಗೆಯ ಹಿಂದಿರುವ ಊರು, ಓದಿದ ಶಾಲೆ, ಜಾತಿ ವರ್ಗಗಳ ಲೆಕ್ಕಾಚಾರ ಇವೆಲ್ಲ ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಸ್ಟೀಫನ್ ಕ್ರಾಶೆನ್ 1982ರ ತಮ್ಮ ಗ್ರಂಥದಲ್ಲಿ ಆತಂಕ ಮತ್ತು ಅವಮಾನದ ಭಯಗಳು ಭಾಷಾಕಲಿಕೆಗೆ ಒಡ್ಡುವ ತಡೆಯನ್ನು ಒಂದು ಸಿದ್ಧಾಂತವಾಗಿ ವಿವರಿಸಿದರು. ನಮ್ಮ ತರಗತಿಗಳಲ್ಲಿ ಆ ತಡೆಗೆ ಸಾಮಾಜಿಕ ರೂಪವೂ ಇದೆ ಎಂಬುದನ್ನು ಮಾತ್ರ ಸೇರಿಸಿಕೊಳ್ಳಬೇಕು.

ಈ ಮೌನಕ್ಕೆ ಪರಿಹಾರವಾಗಿ ಈಚಿನ ವರ್ಷಗಳಲ್ಲಿ ಡಿಜಿಟಲ್ ಆಟಗಳನ್ನು ಸೂಚಿಸಲಾಗುತ್ತಿದೆ. 2020ರ ಕೋವಿಡ್ ಕಾಲದ ಆನ್‌ಲೈನ್ ಪಾಠಗಳ ತರುವಾಯ ಅಧ್ಯಾಪಕರ ಪುನಶ್ಚೇತನ ಶಿಬಿರಗಳಲ್ಲಿ ಕಹೂಟ್, ಕ್ವಿಜಿಜ್ ಮುಂತಾದ ಹೆಸರುಗಳು ಸಾಮಾನ್ಯವಾದವು. ಆಟವಾಡಿಸಿದರೆ ವಿದ್ಯಾರ್ಥಿಗಳು ಪಾಲ್ಗೊಳ್ಳುತ್ತಾರೆ ಎಂಬುದು ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಈ ಮಾತನ್ನು ಒಪ್ಪುವ ಮೊದಲು ಪಾಲ್ಗೊಳ್ಳುವಿಕೆ ಎಂದರೇನು ಎಂದು ಕೇಳಿಕೊಳ್ಳುವುದು ಅವಶ್ಯಕ. ಪ್ರಸ್ತುತ ಬರಹದ ವಾದ ಇಷ್ಟೇ: ಒಬ್ಬ ವಿದ್ಯಾರ್ಥಿಯ ಮಾತು ಇನ್ನೊಬ್ಬನಿಗೆ ಬೇಕೇಬೇಕು ಎಂಬ ಸಂದರ್ಭವನ್ನು ನಿರ್ಮಿಸುವ ಆಟ ಮಾತ್ರ ಭಾಷಾ ತರಗತಿಯ ಮೌನವನ್ನು ಮುರಿಯಬಲ್ಲದು. ಉಳಿದ ಆಟಗಳು ಗದ್ದಲವನ್ನಷ್ಟೇ ಉಂಟುಮಾಡುತ್ತವೆ.

ಕಹೂಟ್ ಆಟವನ್ನೇ ಗಮನಿಸಬಹುದು. ನಾರ್ವೆಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಆಲ್ಫ್ ಇಂಗೆ ವಾಂಗ್ ಅವರು ನಡೆಸಿದ ಸಂಶೋಧನೆಯಿಂದ ಹುಟ್ಟಿ 2013ರಲ್ಲಿ ಸಾರ್ವಜನಿಕರಿಗೆ ದೊರೆತ ಸಾಧನ ಇದು. ಪರದೆಯ ಮೇಲೆ ಪ್ರಶ್ನೆಯೂ ನಾಲ್ಕು ಉತ್ತರಗಳೂ ಮೂಡುತ್ತವೆ. ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಸರಿಯೆನಿಸಿದ ಬಣ್ಣವನ್ನು ಒತ್ತುತ್ತಾನೆ. ಸರಿಯುತ್ತರವನ್ನು ಬೇಗ ಒತ್ತಿದವನಿಗೆ ಹೆಚ್ಚು ಅಂಕ. ಪ್ರತಿ ಪ್ರಶ್ನೆಯ ನಂತರ ಮುಂದಿರುವ ಐವರ ಹೆಸರು ಲೀಡರ್‌ಬೋರ್ಡಿನಲ್ಲಿ ಕಾಣಿಸುತ್ತದೆ. ಇದರ ಒಳ್ಳೆಯ ಗುಣವನ್ನು ಮರೆಯಬಾರದು. ವಿದ್ಯಾರ್ಥಿ ತನಗೆ ಬೇಕಾದ ಅಡ್ಡಹೆಸರು ಇಟ್ಟುಕೊಂಡು ಆಡಬಹುದು. ಹೆಸರಿನ ಮರೆಯಲ್ಲಿ ನಿಂತಾಗ ತಪ್ಪು ಉತ್ತರ ಕೊಡುವ ಧೈರ್ಯ ಬರುತ್ತದೆ. ಎಂದೂ ಕೈಯೆತ್ತದವನೂ ಇಲ್ಲಿ ಒಂದು ಉತ್ತರವನ್ನಂತೂ ಕೊಡುತ್ತಾನೆ. ಮುಂದಿನ ಸಾಲಿನ ಏಕಸ್ವಾಮ್ಯ ಅಷ್ಟರಮಟ್ಟಿಗೆ ಮುರಿಯುತ್ತದೆ.

ಆದರೆ ಈ ಆಟದಲ್ಲಿ ಯಾರೂ ಒಂದು ವಾಕ್ಯವನ್ನೂ ಆಡಬೇಕಾಗಿಲ್ಲ. ಚರಿತ್ರೆಯ ಇಸವಿ, ರಸಾಯನಶಾಸ್ತ್ರದ ಸೂತ್ರ ಕಲಿಸುವಾಗ ಗುಂಡಿಯೊತ್ತಿ ಉತ್ತರಿಸಿದರೆ ಸಾಲಬಹುದು. ಭಾಷೆಯ ತರಗತಿಯಲ್ಲಿ ಮಾತೇ ವಿಷಯವಾಗಿರುವುದರಿಂದ ಬೆರಳು ಕೊಟ್ಟ ಉತ್ತರವನ್ನು ಬಾಯಿ ಕೊಟ್ಟ ಉತ್ತರವೆಂದು ಎಣಿಸಲಾಗದು. ಇನ್ನೊಂದು ತೊಡಕೂ ಇದೆ. ವೇಗಕ್ಕೆ ಅಂಕವಿರುವಾಗ ಗೆಲ್ಲುವವರು ಇಂಗ್ಲಿಷ್ ಅಕ್ಷರಗಳನ್ನು ಬೇಗ ಓದಬಲ್ಲವರು, ಅಂದರೆ ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದಿಂದ ಬಂದವರು. ಪ್ರಶ್ನೆಯನ್ನು ಎರಡು ಸಲ ಓದಿ, ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು, ಸರಿಯುತ್ತರವನ್ನೇ ಒತ್ತಿದ ವಿದ್ಯಾರ್ಥಿನಿ ಲೀಡರ್‌ಬೋರ್ಡಿನಲ್ಲಿ ಕಾಣಿಸುವುದೇ ಇಲ್ಲ. ತರಗತಿಯಲ್ಲಿ ಮೊದಲೇ ಇದ್ದ ಮೇಲುಕೀಳು ಈಗ ದೀಪಾಲಂಕಾರದೊಡನೆ ಪರದೆಗೆ ಏರುತ್ತದೆ. ವಾಂಗ್ ಮತ್ತು ರಬೈಲ್ ತಾಹಿರ್ 2020ರಲ್ಲಿ 93 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕಲಿಕೆಯ ಮೇಲೂ ತರಗತಿಯ ವಾತಾವರಣದ ಮೇಲೂ ಕಹೂಟ್ ಒಳ್ಳೆಯ ಪರಿಣಾಮ ಬೀರುತ್ತದೆ ಎಂದು ಹೇಳಿದರು. ಅದೇ ಪರಿಶೀಲನೆಯಲ್ಲಿ ವಿದ್ಯಾರ್ಥಿಗಳು ಹೇಳಿಕೊಂಡ ತೊಂದರೆಗಳ ಪಟ್ಟಿಯೂ ಇದೆ: ಸಮಯದ ಒತ್ತಡ, ಸೋಲುವ ಭಯ, ಒಮ್ಮೆ ತಪ್ಪಿದರೆ ಮತ್ತೆ ಮೇಲೇರಲಾಗದಿರುವುದು, ಇಂಟರ್‌ನೆಟ್ ಕೈಕೊಡುವುದು. ಈ ಪಟ್ಟಿಯನ್ನು ಓದುವಾಗ ನಮ್ಮ ತಾಲ್ಲೂಕು ಕೇಂದ್ರದ ಕಾಲೇಜುಗಳು ಕಣ್ಣಮುಂದೆ ಬರುತ್ತವೆ. ವಾಂಗ್ ಅವರ 2015ರ ಇನ್ನೊಂದು ಅಧ್ಯಯನವೂ ಇಲ್ಲಿ ಪ್ರಸ್ತುತ. ಒಮ್ಮೆ ಮಾತ್ರ ಆಡಿದ ತರಗತಿಯನ್ನೂ ಐದು ತಿಂಗಳು ಪ್ರತಿ ಪಾಠದಲ್ಲಿ ಆಡಿದ ತರಗತಿಯನ್ನೂ ಹೋಲಿಸಿದಾಗ ಆಸಕ್ತಿ ಬಹುಪಾಲು ಉಳಿದಿತ್ತು. ಕುಂದಿದ್ದು ತರಗತಿಯ ಪರಸ್ಪರ ಚಟುವಟಿಕೆ. ಭಾಷಾಧ್ಯಾಪಕರಿಗೆ ಬೇಕಾದದ್ದು ಮೊದಲು ಸವೆಯಿತು ಎಂದು ಇದನ್ನು ಅರ್ಥೈಸಿಕೊಳ್ಳಬಹುದು.

ಬೆಂಗಳೂರಿನಲ್ಲಿಯೇ 2015ರಲ್ಲಿ ಆರಂಭವಾದ ಕ್ವಿಜಿಜ್ (2025ರಲ್ಲಿ ಇದು ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿತು) ಪ್ರತಿಯೊಬ್ಬನೂ ತನ್ನ ವೇಗಕ್ಕೆ ತಕ್ಕಂತೆ ಉತ್ತರಿಸಲು ಅವಕಾಶ ಕೊಡುವುದರಿಂದ ಈ ದೃಷ್ಟಿಯಲ್ಲಿ ಕೊಂಚ ಮೇಲು. ಆದರೆ ಅಲ್ಲಿಯೂ ಮಾತಿಲ್ಲ. ಎಪ್ಪತ್ತು ಜನ ಎಪ್ಪತ್ತು ಪರದೆಗಳಲ್ಲಿ ಮುಳುಗಿರುತ್ತಾರೆ.

ಹಾಗಾದರೆ ಆಟಗಳಿಂದ ಮಾತು ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ ಎಂಬುದಕ್ಕೆ ನಮ್ಮಂತೆಯೇ ಇಂಗ್ಲಿಷಿನ ಎದುರು ಮೌನವಾಗುವ ಇನ್ನೊಂದು ಏಷ್ಯಾದ ದೇಶದಲ್ಲಿ ಆಧಾರ ದೊರೆಯುತ್ತದೆ. ಹಾಯೊ ರೈಂಡರ್ಸ್ ಮತ್ತು ಸೊರಾದಾ ವಟ್ಟನಾ ಥಾಯ್ಲೆಂಡಿನ ವಿಶ್ವವಿದ್ಯಾಲಯ ವಿದ್ಯಾರ್ಥಿಗಳೊಡನೆ ನಡೆಸಿದ ಅಧ್ಯಯನಗಳು 2011 ಮತ್ತು 2014ರಲ್ಲಿ ಪ್ರಕಟವಾದವು. ಥಾಯ್ ಯುವಕರಿಗೆ ಬಹು ಪರಿಚಿತವಾಗಿದ್ದ ರಾಗ್ನರಾಕ್ ಆನ್‌ಲೈನ್ ಎಂಬ ಕೊರಿಯಾದ ಆಟವನ್ನು ಪಠ್ಯಕ್ಕೆ ಹೊಂದುವಂತೆ ಮಾರ್ಪಡಿಸಿ, ಆಟದೊಳಗಿನ ಕಾರ್ಯಗಳನ್ನು ಇಂಗ್ಲಿಷಿನಲ್ಲಿ ಪರಸ್ಪರ ಸಂಪರ್ಕಿಸಿಯೇ ಮುಗಿಸಬೇಕಾದಂತೆ ಅವರು ರೂಪಿಸಿದರು. ಆಟದಲ್ಲಿ ವಿದ್ಯಾರ್ಥಿಗಳು ಬಳಸಿದ ಇಂಗ್ಲಿಷಿನ ಪ್ರಮಾಣ ಹೆಚ್ಚಿತು. 30 ವಿದ್ಯಾರ್ಥಿಗಳಿದ್ದ ನಂತರದ ಅಧ್ಯಯನದಲ್ಲಿ ಅವರ ಆತಂಕ ಇಳಿದು, ಮಾತಿಗೆ ಮುಂದಾಗುವ ಮನಸ್ಸು ಬಲವಾದದ್ದು ಕಂಡುಬಂತು. ಮೊದಲ ಅಧ್ಯಯನದ ಇನ್ನೊಂದು ತೀರ್ಮಾನವನ್ನು ಆಟಗಳ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಮಾತು ಹೆಚ್ಚಿತೇ ಹೊರತು ಅದರ ಶುದ್ಧಿಯಾಗಲಿ ವಾಕ್ಯಗಳ ಸಂಕೀರ್ಣತೆಯಾಗಲಿ ಹೆಚ್ಚಲಿಲ್ಲ. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಆಟದಲ್ಲಿ ಭಯ ಇಳಿಯುವುದೇಕೆ? ಜೇಮ್ಸ್ ಪಾಲ್ ಗೀ 2003ರಲ್ಲಿ ವಿಡಿಯೋ ಆಟ ಮತ್ತು ಕಲಿಕೆಯ ಸಂಬಂಧವನ್ನು ಕುರಿತು ಬರೆದ ಪುಸ್ತಕದಲ್ಲಿ, ಆಟದೊಳಗಿನ ತಪ್ಪಿಗೆ ನಿಜಜೀವನದ ದಂಡವಿಲ್ಲ ಎಂಬುದನ್ನು ಒತ್ತಿ ಹೇಳುತ್ತಾರೆ. ನಮ್ಮ ಜಾನಪದ ಬಲ್ಲವರಿಗೆ ಈ ವಿಚಾರ ಹೊಸದಲ್ಲ. ಉತ್ತರ ಕರ್ನಾಟಕದ ಮದುವೆ ಮನೆಗಳಲ್ಲಿ ಒಡಪು ಹೇಳಿಸುವ ಪದ್ಧತಿಯನ್ನು ನೆನೆಯಬಹುದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಸಮಾಜದಲ್ಲಿ, ಹಿರಿಯರ ಎದುರು ತಲೆಯೆತ್ತದ ಹೊಸ ಮದುಮಗಳು ತುಂಬಿದ ಮನೆಯಲ್ಲಿ ಪ್ರಾಸಬದ್ಧ ಒಡಪಿನೊಳಗೆ ಆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಹೇಳದಿದ್ದರೆ ಬಿಡುವವರಿಲ್ಲ, ಹೇಳಿದರೆ ನಗುವ ಕೇಡಿಗರೂ ಇಲ್ಲ. ನಾಚಿಕೆ ಅವಳಲ್ಲಿ ಹಾಗೆಯೇ ಇರುತ್ತದೆ. ಆದರೆ ಮಾತಾಡಿದ್ದು ತಾನಲ್ಲ, ಆಟದ ನಿಯಮ ಮಾತಾಡಿಸಿತು ಎಂಬ ಆಸರೆ ಅವಳಿಗೆ ಸಿಗುತ್ತದೆ. ಭಾಷಾ ತರಗತಿಗೆ ಆಟದಿಂದ ಸಿಗಬೇಕಾದದ್ದು ಈ ಆಸರೆ. ಮನರಂಜನೆ ಅದರ ಜೊತೆಗೆ ಬಂದರೆ ಬರಲಿ.

ಯಾವ ನಿಯಮ ಮಾತಾಡಿಸುತ್ತದೆ ಎಂಬುದಕ್ಕೆ ಉತ್ತರವನ್ನು ಬೆಂಗಳೂರಿನಲ್ಲಿಯೇ, ಮೊಬೈಲು ಇಲ್ಲದ ಕಾಲದಲ್ಲಿ, ಹುಡುಕಲಾಗಿತ್ತು. ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮೂಲಕ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದೆಡೆಯ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಜಗತ್ತಿನಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಯಿತು. ವ್ಯಾಕರಣದ ಪಾಠಗಳನ್ನು ಬದಿಗಿರಿಸಿ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮುಂದಿಟ್ಟು ಬಿಡಿಸಬೇಕಾದ ಕಾರ್ಯಗಳನ್ನು ಅಲ್ಲಿ ಮಕ್ಕಳಿಗೆ ಕೊಡಲಾಗುತ್ತಿತ್ತು. 1987ರ ತಮ್ಮ ಪುಸ್ತಕದಲ್ಲಿ ಪ್ರಭು ಇಂಥ ಕಾರ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬನಲ್ಲಿರುವ ಮಾಹಿತಿ ಇನ್ನೊಬ್ಬನಲ್ಲಿ ಇಲ್ಲದಿರುವುದು ಮಾಹಿತಿಯ ಅಂತರ. ಕೊಟ್ಟ ಮಾಹಿತಿಯಿಂದ ಊಹಿಸಿ ಹೊಸದನ್ನು ಕಂಡುಕೊಳ್ಳಬೇಕಾಗಿರುವುದು ತರ್ಕದ ಅಂತರ. ಒಂದೇ ವಿಷಯದಲ್ಲಿ ಒಬ್ಬೊಬ್ಬರ ನಿಲುವು ಬೇರೆಯಾಗಿರುವುದು ಅಭಿಪ್ರಾಯದ ಅಂತರ. ಪ್ರಭು ಅವರ ಒಲವು ಎರಡನೆಯದರ ಕಡೆಗಿತ್ತು. ಅಂತರವಿದ್ದಲ್ಲಿ ಅದನ್ನು ದಾಟಲು ಭಾಷೆ ಬೇಕಾಗುತ್ತದೆ. ಕಹೂಟಿನ ಪ್ರಶ್ನೆಗೆ ಉತ್ತರ ಅಧ್ಯಾಪಕರಿಗೂ ಗೊತ್ತು, ಯಂತ್ರಕ್ಕೂ ಗೊತ್ತು. ಅಲ್ಲಿ ದಾಟಬೇಕಾದ ಅಂತರವೇ ಇಲ್ಲ. ಇಂದು ಆಟವನ್ನು ಆಯ್ದುಕೊಳ್ಳುವ ಇಂಗ್ಲಿಷ್ ಅಧ್ಯಾಪಕರು ಆಪ್ ಅಂಗಡಿಯ ಪಟ್ಟಿಯನ್ನು ನೋಡುವ ಮೊದಲು ಪ್ರಭು ಅವರ ಈ ಮೂರು ಮಾತುಗಳನ್ನು ನೋಡುವುದು ಹೆಚ್ಚು ಉಪಯುಕ್ತ.

ಈ ಒರೆಗಲ್ಲಿಗೆ ತಿಕ್ಕಿದಾಗ ನಿಲ್ಲುವ ಒಂದು ಆಟವೆಂದರೆ ಕೆನಡಾದ ಸ್ಟೀಲ್ ಕ್ರೇಟ್ ಗೇಮ್ಸ್ ಎಂಬ ಸಣ್ಣ ಸಂಸ್ಥೆ 2015ರಲ್ಲಿ ಹೊರತಂದ 'ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್'. ಒಬ್ಬನ ಪರದೆಯ ಮೇಲೆ ಸಿಡಿಯಲಿರುವ ಬಾಂಬೊಂದು ಕಾಣುತ್ತದೆ. ಅದನ್ನು ನಿಷ್ಕ್ರಿಯಗೊಳಿಸುವ ವಿಧಾನ ಅವನಿಗೆ ಗೊತ್ತಿಲ್ಲ. ವಿಧಾನವನ್ನು ವಿವರಿಸುವ ಕೈಪಿಡಿ ಉಳಿದವರ ಬಳಿ ಇದೆ. ಅವರಿಗೆ ಪರದೆ ಕಾಣುವಂತಿಲ್ಲ. ತಂತಿಗಳು ಎಷ್ಟು, ಯಾವ ಬಣ್ಣದವು, ಕ್ರಮಸಂಖ್ಯೆಯ ಕೊನೆಯ ಅಂಕೆ ಸಮವೋ ಬೆಸವೋ ಎಂದು ಇವರು ಕೇಳಬೇಕು, ಅವನು ಹೇಳಬೇಕು. ನಂತರ ಇವರು ಕೈಪಿಡಿಯ ಷರತ್ತುಗಳನ್ನು ಓದಿ ಯಾವ ತಂತಿಯನ್ನು ಕತ್ತರಿಸಬೇಕೆಂದು ನಿರ್ಧರಿಸಬೇಕು. ಗಡಿಯಾರ ಓಡುತ್ತಿರುತ್ತದೆ. ಪ್ರಭು ಹೇಳಿದ ಮೊದಲ ಎರಡು ಅಂತರಗಳೂ ಇಲ್ಲಿ ಒಟ್ಟಿಗೆ ಇವೆ. ಕೈಪಿಡಿಯನ್ನು ಉಚಿತವಾಗಿ ಪಡೆದು ಮುದ್ರಿಸಿಕೊಳ್ಳಬಹುದಾದ್ದರಿಂದ ಒಂದು ಗುಂಪಿಗೆ ಒಂದು ಯಂತ್ರ ಮತ್ತು ಆಟದ ಒಂದು ಪ್ರತಿ ಸಾಕಾಗುತ್ತದೆ.

ಆಟದ ಎರಡು ಭಾಗಗಳು ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದರಲ್ಲಿ ಹೆಸರಿಲ್ಲದ ವಿಚಿತ್ರ ಚಿಹ್ನೆಗಳನ್ನು ಮಾತಿನಲ್ಲಿಯೇ ವರ್ಣಿಸಬೇಕು. ಕನ್ನಡ ಬರಹ ಕಲಿತವನಲ್ಲಿ ಇದಕ್ಕೆ ಬೇಕಾದ ಪರಿಭಾಷೆ ಸಿದ್ಧವಾಗಿಯೇ ಇದೆ: ಕೊಂಬು, ಒತ್ತು, ತಲಕಟ್ಟು, ಸುಳಿ. ಮೊದಲು ಅವನು ಇಂಗ್ಲಿಷ್ ವಾಕ್ಯದ ನಡುವೆ ಕೊಂಬು ಎಂದೇ ಹೇಳಲಿ. ಗೆಳೆಯನಿಗೆ ಚಿಹ್ನೆ ಸಿಕ್ಕಿದರೆ ಆಟ ಮುಂದುವರಿಯುತ್ತದೆ. ಬಾಲ, ಕೊಕ್ಕೆ ಮುಂತಾದುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬ ಪ್ರಶ್ನೆ ಆಟ ಮುಗಿದ ಮೇಲೆ ಅವನಿಂದಲೇ ಬರುತ್ತದೆ. ಇನ್ನೊಂದು ಭಾಗದಲ್ಲಿ ಉಚ್ಚಾರಣೆ ಒಂದೇ ಆಗಿ ಬರವಣಿಗೆ ಬೇರೆಯಾದ ಪದಗಳನ್ನು ಬೇಕೆಂದೇ ಒಟ್ಟುಗೂಡಿಸಲಾಗಿದೆ. 'ದೇರ್' ಎಂದು ಕೂಗಿದರೆ ಕೈಪಿಡಿ ಹಿಡಿದವನಿಗೆ ಮೂರು ಬೇರೆ ಪದಗಳು ಕಾಣುತ್ತವೆ. ಆಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದವರಿಗೆ ಇಂಗ್ಲಿಷಿನ ಈ ಸ್ವಭಾವ ಸದಾ ಒಂದು ಅನ್ಯಾಯವೆಂಬಂತೆ ತೋರುತ್ತದೆ. ಕಾಗುಣಿತ ಕೇಳಿ ಹೇಳುವ ಅಭ್ಯಾಸವನ್ನು ಎಷ್ಟೋ ವರ್ಷ ಉಕ್ತಲೇಖನ ಬರೆಸಿಯೂ ಮೂಡಿಸಲಾಗದೆ ಹೋದದ್ದು ಇಲ್ಲಿ ಐದು ನಿಮಿಷದಲ್ಲಿ ಅನಿವಾರ್ಯವಾಗುತ್ತದೆ.

ಬಾಂಬಿನ ವಸ್ತು ಎಲ್ಲ ಕಾಲೇಜುಗಳಿಗೂ ಒಪ್ಪಿಗೆಯಾಗಲಾರದು, ಆಗಬೇಕಾಗಿಯೂ ಇಲ್ಲ. ಆಟದ ರಚನೆ ಮುಖ್ಯ. ಪ್ರಭು ಅವರ ರೈಲಿನ ವೇಳಾಪಟ್ಟಿಯ ಜಾಗದಲ್ಲಿ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣವನ್ನು ಇಟ್ಟುಕೊಳ್ಳಬಹುದು. ಒಂದು ಗುಂಪಿನ ಮೊಬೈಲಿನಲ್ಲಿ ಬಸ್ಸುಗಳು ಹೊರಡುವ ಮತ್ತು ತಲುಪುವ ಹೊತ್ತು. ಇನ್ನೊಂದರಲ್ಲಿ ಮೂವರು ಪ್ರಯಾಣಿಕರ ತುರ್ತುಗಳು. ಆಸ್ಪತ್ರೆಗೆ ಹೋಗಬೇಕಾದ ಅಜ್ಜಿಯನ್ನು ಯಾವ ಬಸ್ಸಿಗೆ ಹತ್ತಿಸಬೇಕು ಎಂಬುದು ಎರಡು ಗುಂಪುಗಳ ನಡುವೆ ಇಂಗ್ಲಿಷಿನಲ್ಲಿ ಇತ್ಯರ್ಥವಾಗಲಿ. ಇದಕ್ಕೆ ಸ್ಲೈಡುಗಳನ್ನು ಸಿದ್ಧಪಡಿಸಬಲ್ಲ ಅಧ್ಯಾಪಕರ ಒಂದು ಸಂಜೆ ಸಾಕು.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕಾಗಿದೆ. ಅದು ಬರುವುದು ಸ್ವತಃ ಪ್ರಭು ಅವರಿಂದ. ತಮ್ಮ ಪ್ರಯೋಗದಲ್ಲಿ ಅವರು ಗುಂಪು ಚಟುವಟಿಕೆಯನ್ನು ಪ್ರೋತ್ಸಾಹಿಸಲಿಲ್ಲ. ಕಲಿಯುವವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಒಬ್ಬರ ಅರೆಬರೆ ಇಂಗ್ಲಿಷ್ ಇನ್ನೊಬ್ಬರದರೊಡನೆ ಸೇರಿ ಗಟ್ಟಿಯಾಗುತ್ತದೆ, ಭಾಷೆ ಬೆಳೆಯುವುದರ ಬದಲು ಒಂದು ಮಿಶ್ರರೂಪದಲ್ಲಿ ನಿಂತುಬಿಡುತ್ತದೆ ಎಂಬುದು ಅವರ ಆತಂಕ. ಆದ್ದರಿಂದ ಅಧ್ಯಾಪಕರು ಇಡೀ ತರಗತಿಯೊಡನೆ ಮೊದಲು ಒಂದು ಕಾರ್ಯವನ್ನು ಮಾಡಿ ತೋರಿಸಿ, ಆನಂತರ ಅದೇ ಬಗೆಯ ಕಾರ್ಯವನ್ನು ವಿದ್ಯಾರ್ಥಿಗಳು ಮಾಡುವ ಕ್ರಮವನ್ನು ಅವರು ಅನುಸರಿಸಿದರು. ಥಾಯ್ಲೆಂಡಿನ ಮೊದಲ ಅಧ್ಯಯನದ ಫಲಿತಾಂಶವೂ ಈ ಆತಂಕ ನಿರಾಧಾರವಲ್ಲ ಎಂದೇ ಸೂಚಿಸುತ್ತದೆ. ಆಟದ ಬಿಸಿಯಲ್ಲಿ ಕ್ರಿಯಾಪದ ಬಿಟ್ಟುಹೋದರೂ ಕೆಲಸ ಸಾಗುತ್ತದೆ. ಕೆಂಪು, ಎರಡನೆಯದು, ಕತ್ತರಿಸು ಎಂಬ ಮೂರು ಪದಗಳೇ ಸಾಲುತ್ತವೆ.

ಈ ಆಕ್ಷೇಪವನ್ನು ಒಪ್ಪಿಯೂ ನನ್ನ ನಿಲುವು ಬೇರೆ. ಪ್ರಭು ಅವರ ಮುಂದಿದ್ದವರು ಶಾಲಾ ಮಕ್ಕಳು. ಅಧ್ಯಾಪಕರು ಕೇಳಿದರೆ ಉತ್ತರಿಸುವ ವಯಸ್ಸಿನವರು. ಹನ್ನೆರಡು ವರ್ಷ ಬಾಯಿ ಮುಚ್ಚಿಯೇ ಉತ್ತೀರ್ಣರಾದ ಹತ್ತೊಂಬತ್ತರ ಯುವಕರ ವಿಷಯದಲ್ಲಿ ಮೊದಲು ಮಾತು ಹುಟ್ಟಬೇಕು, ಶುದ್ಧಿ ಆಮೇಲಿನದು. ಆದರೆ ಆ ಆಮೇಲೆ ಎಂಬುದು ನಿಜವಾಗಿಯೂ ಬರಬೇಕು. ಆಟಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಆಟದ ನಂತರದ ಮಾತಿಗೆ ಇಪ್ಪತ್ತೈದು ನಿಮಿಷ ಬೇಕು. ಎಲ್ಲಿ ತಪ್ಪು ತಂತಿ ಕತ್ತರಿಸಿದಿರಿ, ಯಾರು ಏನು ಹೇಳಿದರು, ಕೇಳಿದವರು ಏನೆಂದು ತಿಳಿದರು, ಹೇಗೆ ಹೇಳಿದ್ದರೆ ತಿಳಿಯುತ್ತಿತ್ತು ಎಂದು ಅಧ್ಯಾಪಕರು ಕರಿಹಲಗೆಯ ಮುಂದೆ ನಿಂತು ಕೇಳಬೇಕು. ಷರತ್ತಿನ ವಾಕ್ಯ, ಪೂರ್ವಸರ್ಗ, ಭೂತಕಾಲ ಇವೆಲ್ಲ ಆಗ ಒಂದು ಕಾರಣದೊಡನೆ ಬರುತ್ತವೆ. ಆಟವಾಡಿಸಿ ಗಂಟೆ ಹೊಡೆಯುತ್ತಲೇ ಹೊರಟುಬಿಡುವ ಪದ್ಧತಿಯಿಂದ ಫೋಟೋ ಮತ್ತು ವರದಿ ಮಾತ್ರ ದೊರೆಯುತ್ತವೆ. ನಮ್ಮ ಕಾಲೇಜುಗಳಲ್ಲಿ ಆಂತರಿಕ ಗುಣಮಟ್ಟ ಖಾತರಿ ಘಟಕಕ್ಕೆ ಸಲ್ಲಿಸಬೇಕಾದ ದಾಖಲೆಗಾಗಿಯೇ ನಡೆಯುವ ಚಟುವಟಿಕೆಗಳು ಈಗಾಗಲೇ ಸಾಕಷ್ಟಿವೆ.

ಇನ್ನು ಕನ್ನಡದ ಸ್ಥಾನದ ಪ್ರಶ್ನೆ. ಇಂಗ್ಲಿಷ್ ಅವಧಿಯಲ್ಲಿ ಕನ್ನಡ ಕೂಡದು ಎಂಬ ನಿಯಮ ಬರೆದಿಡದಿದ್ದರೂ ಬಹುಕಡೆ ಜಾರಿಯಲ್ಲಿದೆ. ಕೆಲವು ಶಾಲೆಗಳಲ್ಲಿ ದಂಡ ಹಾಕುವುದೂ ಉಂಟು. ಆಟ ಬಂದ ಮೇಲೂ ಈ ನಿಯಮ ಉಳಿದರೆ ಆಟದ ಪ್ರಯೋಜನವೆಲ್ಲ ಸೋರಿಹೋಗುತ್ತದೆ. ವೇಲ್ಸ್‌ನಲ್ಲಿ ಕೆನ್ ವಿಲಿಯಮ್ಸ್ 1994ರಲ್ಲಿ ಎರಡು ಭಾಷೆಗಳನ್ನು ಒಂದೇ ಪಾಠದೊಳಗೆ ಉದ್ದೇಶಪೂರ್ವಕವಾಗಿ ಬಳಸುವ ಕ್ರಮಕ್ಕೆ ಹೆಸರು ಕೊಟ್ಟರು. ಒಂದರಲ್ಲಿ ಓದಿ ಇನ್ನೊಂದರಲ್ಲಿ ಬರೆಯುವುದು ಅದರ ಸರಳ ರೂಪ. ಆಟಕ್ಕೆ ಇದನ್ನು ಅನ್ವಯಿಸುವುದು ಸುಲಭ: ಗುಂಪಿನೊಳಗೆ ಏನನ್ನು ಹೇಳಬೇಕೆಂಬ ಸಮಾಲೋಚನೆ ಕನ್ನಡದಲ್ಲಿ, ಗುಂಪಿನಿಂದ ಗುಂಪಿಗೆ ದಾಟುವ ಮಾತು ಮಾತ್ರ ಇಂಗ್ಲಿಷಿನಲ್ಲಿ. ಹೀಗೆ ಮಾಡಿದಾಗ ಇಂಗ್ಲಿಷ್ ಚೆನ್ನಾಗಿ ಬರುವವನೊಬ್ಬನೇ ಗುಂಪಿನ ಯಜಮಾನನಾಗುವುದಿಲ್ಲ. ಷರತ್ತುಗಳನ್ನು ಬೇಗ ಗ್ರಹಿಸುವ, ಆದರೆ ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿಯ ಬುದ್ಧಿ ಕನ್ನಡದ ಮೂಲಕ ಆಟದೊಳಗೆ ಬರುತ್ತದೆ. ಅವಳು ಹೇಳಿಕೊಟ್ಟದ್ದನ್ನು ಇನ್ನೊಬ್ಬ ದಾಟಿಸುತ್ತಾನೆ. ಮರುಸಲ ಸರದಿಯಂತೆ ದಾಟಿಸುವ ಪಾಳಿ ಅವಳದಾಗುತ್ತದೆ. ರಾತ್ರಿಯ ಹೊತ್ತು ಮೊಬೈಲಿನಲ್ಲಿ ಗುಂಪು ಕಟ್ಟಿ ಯುದ್ಧದ ಆಟವಾಡುವ ಹುಡುಗರು ಕನ್ನಡ, ಹಿಂದಿ, ಇಂಗ್ಲಿಷ್ ಬೆರೆಸಿ ಎಗ್ಗಿಲ್ಲದೆ ಕೂಗಾಡುವುದನ್ನು ಹಾಸ್ಟೆಲುಗಳ ಸಮೀಪ ವಾಸಿಸುವವರೆಲ್ಲ ಬಲ್ಲರು. ಹಗಲಿನಲ್ಲಿ ಮೂಕರಾಗುವವರೂ ಅವರೇ.

ಮೊಬೈಲುಗಳ ಕೊರತೆಯನ್ನು ಆಟದ ವಿರುದ್ಧದ ವಾದವಾಗಿ ಮುಂದಿಡುವುದುಂಟು. ಎಲ್ಲರಲ್ಲೂ ಒಳ್ಳೆಯ ಮೊಬೈಲು ಇಲ್ಲ. ಹೆಣ್ಣುಮಕ್ಕಳ ಕೈಗೆ ಅದನ್ನು ಕೊಡದ ಮನೆಗಳೂ ಇವೆ. ತಲೆಗೊಂದು ಪರದೆ ಬೇಡುವ ರಸಪ್ರಶ್ನೆಗಳಿಗೆ ಇದು ನಿಜವಾದ ಅಡ್ಡಿ. ಆದರೆ ಅಂತರದ ಆಟಕ್ಕೆ ನಾಲ್ವರಿಗೆ ಒಂದು ಮೊಬೈಲು ಇರುವುದೇ ಅನುಕೂಲ. ಒಬ್ಬರಲ್ಲಿರುವುದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ತಾನೇ ಮಾತು ಬೇಕಾಗುವುದು. ಯಂತ್ರದೊಡನೆಯೇ ಇಂಗ್ಲಿಷಿನಲ್ಲಿ ಸಂಭಾಷಿಸುವ ಆಪ್‌ಗಳು ಈಗ ದೊರೆಯುತ್ತವೆ, ಅವುಗಳಿಂದ ಮನೆಯಲ್ಲಿ ಅಭ್ಯಾಸವಾಗಬಹುದು. ಆದರೆ ವಿದ್ಯಾರ್ಥಿ ಹೆದರುವುದು ಯಂತ್ರಕ್ಕಲ್ಲ, ಪಕ್ಕದ ಬೆಂಚಿಗೆ. ಆ ಭಯವನ್ನು ಪಕ್ಕದ ಬೆಂಚಿನವರೊಡನೆಯೇ ಕಳೆದುಕೊಳ್ಳಬೇಕು.

ಅಂಕ, ಪದಕ, ಬಹುಮಾನಗಳ ಬಗೆಗೂ ಒಂದು ಮಾತು ಹೇಳಬೇಕು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿ ಬರೆಸಿದಾಗ, ಆ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಆಟದಲ್ಲಿ ಗೆದ್ದವರಿಗೆ ಆಂತರಿಕ ಅಂಕ ಕೊಡುವ ಪದ್ಧತಿಯನ್ನು ಆರಂಭಿಸುವ ಮೊದಲು ಇದನ್ನು ನೆನೆಯುವುದು ಒಳಿತು. ಅಂಕ ಬಂದೊಡನೆ ಆಟ ಪರೀಕ್ಷೆಯಾಗುತ್ತದೆ, ಪರೀಕ್ಷೆಯಲ್ಲಿ ಮೌನವಾಗಿರುವುದನ್ನು ನಮ್ಮ ವಿದ್ಯಾರ್ಥಿಗಳು ಬಹಳ ಚೆನ್ನಾಗಿ ಕಲಿತಿದ್ದಾರೆ.

ಈ ಚರ್ಚೆ ಕನ್ನಡದ ತರಗತಿಗೂ ತಿರುಗಿ ಬರುತ್ತದೆ. ಬೆಂಗಳೂರಿನ ಮತ್ತು ಇತರ ನಗರಗಳ ಕಾಲೇಜುಗಳಲ್ಲಿ ವಾಣಿಜ್ಯ, ಗಣಕವಿಜ್ಞಾನಗಳ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವವರು ಈ ಮೌನದ ಇನ್ನೊಂದು ಮುಖವನ್ನು ದಿನವೂ ಕಾಣುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದು, ಮನೆಯಲ್ಲಿ ಕನ್ನಡ ಆಡಿದರೂ ತರಗತಿಯಲ್ಲಿ ಕನ್ನಡದ ಒಂದು ಪುಟವನ್ನು ಗಟ್ಟಿಯಾಗಿ ಓದಲು ಅಂಜುವವರು ಅಲ್ಲಿದ್ದಾರೆ. ಹಿಂದಿನ ಅವಧಿಯಲ್ಲಿ ಮಾತಾಡಿದವನು ಈ ಅವಧಿಯಲ್ಲಿ ಸುಮ್ಮನಾಗುತ್ತಾನೆ. ಬಸ್ ನಿಲ್ದಾಣದ ಆಟವನ್ನೇ ಎರಡೂ ವಿಭಾಗದವರು ಕೂಡಿ ಸಿದ್ಧಪಡಿಸಬಹುದು: ವೇಳಾಪಟ್ಟಿ ಕನ್ನಡದಲ್ಲಿ, ಪ್ರಯಾಣಿಕರ ವಿವರ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಅವಧಿಯಲ್ಲಿ ಗುಂಪುಗಳ ನಡುವೆ ದಾಟುವ ಮಾತು ಇಂಗ್ಲಿಷಿನಲ್ಲಿ, ಕನ್ನಡ ಅವಧಿಯಲ್ಲಿ ಅದೇ ಮಾತು ಕನ್ನಡದಲ್ಲಿ. ಗುಂಪುಗಳನ್ನು ಮಾಡುವಾಗ ಎರಡೂ ಮಾಧ್ಯಮದವರು ಪ್ರತಿ ಗುಂಪಿನಲ್ಲಿಯೂ ಇರುವಂತೆ ಹೆಸರುಗಳನ್ನು ಅಧ್ಯಾಪಕರೇ ಬರೆದುಕೊಡಬೇಕು. ವಿದ್ಯಾರ್ಥಿಗಳಿಗೆ ಬಿಟ್ಟರೆ ಗೆಳೆಯರೇ ಒಂದಾಗಿ ಕೂತುಬಿಡುತ್ತಾರೆ. ಸೆಮಿಸ್ಟರಿನ ಆರಂಭದಲ್ಲಿ, ಪಠ್ಯಪುಸ್ತಕ ಇನ್ನೂ ಕೈಗೆ ಬರದ ಮೊದಲ ಎರಡು ವಾರಗಳು ಇದಕ್ಕೆ ತಕ್ಕ ಕಾಲ.